ಅಡ್ಮಿಷನ್ ಪ್ರಬಂಧಕ್ಕೆ ಯಾರನ್ನು ಆರಿಸೋಣ?



ಮುಂದಿನ ಕೋರ್ಸಿಗೆ ಅರ್ಜಿ ಹಾಕುವಾಗ ‘ನಿಮಗೆ ಸ್ಫೂರ್ತಿ ನೀಡಿದ ಮಹಿಳೆ’ ಎಂಬ ಪ್ರಬಂಧ ಕೇಳುವುದುಂಟು. ಪುಣೆಯಲ್ಲಿರುವ ನಮಗೆ ಥಟ್ಟನೆ ನೆನಪಾಗುವವರು ಸಾವಿತ್ರಿಬಾಯಿ ಫುಲೆ. ತಪ್ಪೇನಿಲ್ಲ, 1848ರಲ್ಲಿ ಇದೇ ಊರಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದವರು. ನಾನೂ ಅವರ ಮೇಲೆಯೇ ಬರೆದೆ. ‘ಮಹಾಸಾಧ್ವಿ’, ‘ತ್ಯಾಗಮಯಿ’ ಎಂದು ಎರಡು ಪುಟ ತುಂಬಿಸಿದೆ. ಓದಿದ ಗೆಳೆಯ, “ಇದರಾಗ ನೀ ಎಲ್ಲಿ ಅದೀಯೋ?” ಅಂದ. ಉತ್ತರ ಹೊಳೆಯಲಿಲ್ಲ.

ಆಮೇಲೆ ಪಂಡಿತಾ ರಮಾಬಾಯಿಯವರ ಬಗ್ಗೆ ಓದಿದೆ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಬರಗಾಲದಲ್ಲಿ ತಂದೆತಾಯಿಯನ್ನು ಕಳಕೊಂಡರು. 1882ರಲ್ಲಿ ಪುಣೆಗೆ ಬಂದಾಗ ಅವರು ವಿಧವೆ, ಜೊತೆಗೆ ಪುಟ್ಟ ಮಗಳು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರನ್ನು ತಯಾರು ಮಾಡಬೇಕೆಂದು ಕೇಳಿದರು.

ಅಲ್ಲಿಗೆ ಓದುವುದನ್ನು ನಿಲ್ಲಿಸಿಬಿಟ್ಟೆ. ಹೈಸ್ಕೂಲಿನಲ್ಲಿ ಒಬ್ಬ ಬಾಯಾರೂ ಇಲ್ಲವೆಂದು ನಮ್ಮಕ್ಕನನ್ನು ಏಳನೇ ಇಯತ್ತೆಗೇ ಶಾಲೆ ಬಿಡಿಸಿದ್ದರು! ಪ್ರಬಂಧ ಹೊಸದಾಗಿ ಬರೆದೆ. ಅದರಲ್ಲಿ ಅಕ್ಕ ಬಂದಳು, ನಾನೂ ಬಂದೆ.

ಕಾಮರ್ಸಿನವನು, ಹಾಗೇ ಹೇಳ್ತೀನಿ: ಬರೀ ಹೊಗಳಿಕೆಯೆಂದರೆ ವೋಚರ್ ಇಲ್ಲದ ಎಂಟ್ರಿ. ಆಕೆ ಮಾಡಿದ ಒಂದು ಕೆಲಸ, ಅದರ ಇಸವಿ, ಅದು ನಿಮ್ಮ ಬಾಳಿಗೆ ತಾಗಿದ ಬಗೆ, ಈ ಮೂರು ಇರಲಿ. ಸಾವಿತ್ರಿಬಾಯಿಯವರನ್ನೇ ಆರಿಸಿದರೂ ಸರಿ, ನಿಮ್ಮವ್ವನನ್ನು ಆರಿಸಿದರೂ ಸರಿ.

ಬರೆದದ್ದನ್ನು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಕೀ ಕೇಳಿದ್ದು ನನಗೂ ಬೇಕಾಗಿತ್ತು ನೋಡು” ಎಂದಳು.