ಕಣಿ ಹೇಳುವವಳ ಚಿತ್ರ: ಅಗಸಿ ಎಣ್ಣೆ, ಗಾಜಿನ ಗುಂಡು ಮತ್ತು ಕೌಜಲಗಿ

ಮಾಟ, ಮಂತ್ರ, ಭವಿಷ್ಯ ಅಂದ ಕೂಡಲೇ ಕಣ್ಣ ಮುಂದೆ ಬರೋದು ಹೆಣ್ಣೇ ಯಾಕೆ? ಯುರೋಪಿನ ಮೂರು ಎಣ್ಣೆಬಣ್ಣದ ಚಿತ್ರ ನೋಡೋಣ, ಆಮೇಲೆ ನಮ್ಮ ಗೋಕಾಕ ಸೀಮೆಗೆ ಬರೋಣ.

ಮೊದಲನೆಯದು ಇಟಲಿಯ ಕಾರವಾಜ್ಜೊ 1594ರ ಸುಮಾರಿಗೆ ಬರೆದ 'ಭವಿಷ್ಯ ಹೇಳುವವಳು'. ಅಲೆಮಾರಿ ಹುಡುಗಿ ಶ್ರೀಮಂತ ತರುಣನ ಅಂಗೈ ಹಿಡಿದಿದ್ದಾಳೆ. ಅವನ ಕಣ್ಣು ಅವಳ ಮುಖದ ಮೇಲೆ, ಅವಳ ಬೆರಳು ಅವನ ಉಂಗುರದ ಮೇಲೆ. ಉಂಗುರ ಜಾರುತ್ತಿರೋದು ಅವನಿಗೆ ಗೊತ್ತೇ ಇಲ್ಲ.

ಉಳಿದೆರಡು ಇಂಗ್ಲೆಂಡಿನ ಜಾನ್ ವಿಲಿಯಂ ವಾಟರ್‌ಹೌಸ್ ಅವರವು. 1886ರ 'ಮಾಯಾ ವೃತ್ತ'ದಲ್ಲಿ ಒಬ್ಬಳು ಕೋಲಿನಿಂದ ತನ್ನ ಸುತ್ತ ನೆಲದ ಮೇಲೆ ಗೆರೆ ಎಳೀತಾಳೆ, ಎದುರಿಗೆ ಪಾತ್ರೆಯಿಂದ ಹೊಗೆ ನೆಟ್ಟಗೆ ಏಳುತ್ತದೆ. 1902ರ 'ಸ್ಫಟಿಕದ ಗುಂಡು' ಚಿತ್ರದಲ್ಲಿ ಕೆಂಪು ಉಡುಪಿನವಳು ಕೈಯಲ್ಲಿ ಗುಂಡು ಹಿಡಿದು ಅದನ್ನೇ ನೋಡುತ್ತಿದ್ದಾಳೆ. ಮೇಜಿನ ಮೇಲಿನ ತಲೆಬುರುಡೆಯನ್ನು ಹಿಂದೊಮ್ಮೆ ಯಾರೋ ಬಣ್ಣ ಬಳಿದು ಮುಚ್ಚಿಸಿದ್ದರು, ಮುಂದೆ ಅದನ್ನು ಮತ್ತೆ ಹೊರತೆಗೆದರು. ಚೆಲುವೆ ಬೇಕು, ಸಾವಿನ ಗುರುತು ಬೇಡ ಅನ್ನೋ ಮನಸ್ಸು ನೋಡ್ರಿ!

ಈಗ ನಮ್ಮ ವಿಷಯ. ಈ ಚಿತ್ರಗಳ ಮೆರುಗಿಗೆ ಕಾರಣ ಅಗಸಿ ಎಣ್ಣೆ, ನಾವು ಹಿಂಡಿ ಮಾಡಿ ರೊಟ್ಟಿ ಜೊತೆ ತಿನ್ನುವ ಅದೇ ಅಗಸಿ. ಅದು ನೀರಿನ ಹಾಗೆ ಆವಿಯಾಗಿ ಒಣಗೋದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಪಾಲಿಮರ್ ಆಗಿ ಗಟ್ಟಿಯಾಗುತ್ತದೆ. ಇದಕ್ಕೆ ದಿನಗಟ್ಟಲೆ ಬೇಕು, ಹಾಗಾಗಿ ಕಲಾವಿದನಿಗೆ ನೆರಳನ್ನು ಬೆಳಕಿನೊಳಗೆ ಮೆಲ್ಲಗೆ ಬೆರೆಸಲು ಸಮಯ ಸಿಗುತ್ತದೆ. ಗಾಜಿನ ಗುಂಡಿನ ಮಾಯೆಯೂ ಇಷ್ಟೇ. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5. ದೂರದಿಂದ ಬಂದ ಬೆಳಕು ಗುಂಡಿನ ಕೇಂದ್ರದಿಂದ ತ್ರಿಜ್ಯದ 1.5 ಪಟ್ಟು ದೂರದಲ್ಲಿ ಕೂಡುತ್ತದೆ, ಅಂದ್ರೆ ಗುಂಡಿನ ಮೈಯಾಚೆಗೆ ಅರ್ಧ ತ್ರಿಜ್ಯದಷ್ಟು. ಆದ್ದರಿಂದ ಅದರಲ್ಲಿ ಜಗತ್ತು ತಲೆಕೆಳಗಾಗಿ ಕಾಣುತ್ತದೆ. ಕಾಣೋದು ಭವಿಷ್ಯ ಅಲ್ಲ, ಎದುರಿನ ಕಿಟಕಿ.

ಆದರೆ ಚಿತ್ರ ಮನಸ್ಸಿನಲ್ಲಿ ಉಳಿಸುವ ನಂಬಿಕೆ ಅಷ್ಟು ಸುಲಭಕ್ಕೆ ಕರಗೋದಿಲ್ಲ. ಕಣಿ ಹೇಳುವವಳು ಅಂದ್ರೆ ಕಳ್ಳಿ ಅನ್ನೋ ಕಾರವಾಜ್ಜೊ ಕಾಲದ ಸಂಶಯ ನಮ್ಮಲ್ಲೂ ಕಾನೂನಿನ ರೂಪದಲ್ಲಿ ಬಂತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮುಂದೆ ಮದ್ರಾಸ್ ಪ್ರಾಂತ್ಯದಲ್ಲಿ ಕೊರವರೂ ಆ ಪಟ್ಟಿಗೆ ಸೇರಿದರು. ಏನೂ ಮಾಡದವರೂ ಹುಟ್ಟಿನಿಂದಲೇ ಗುಮಾನಿಗೆ ಒಳಗಾದರು. ಕಾಯ್ದೆ ರದ್ದಾದದ್ದು 1952ರಲ್ಲಿ. ಆದರೆ ಹಣೆಪಟ್ಟಿ ಅಷ್ಟು ಬೇಗ ಹೋಗಲಿಲ್ಲ.

ಕನ್ನಡದಲ್ಲಿ ಮಾತ್ರ ಕೊರವಂಜಿಗೆ ಇನ್ನೊಂದು ಮುಖವೂ ಇದೆ. ಅವಳು ಬುಟ್ಟಿ ಹೊತ್ತು ಬಂದು ಮನೆಯೊಡತಿಯ ಮನಸ್ಸನ್ನು ಓದುವ ಮಾತುಗಾತಿ. 1942ರಲ್ಲಿ ಡಾ. ಎಂ. ಶಿವರಾಂ (ರಾಶಿ) ತಮ್ಮ ಹಾಸ್ಯ ಪತ್ರಿಕೆಗೆ 'ಕೊರವಂಜಿ' ಎಂದೇ ಹೆಸರಿಟ್ಟರು. ಇದ್ದದ್ದನ್ನು ನಗುತ್ತಾ ಹೇಳುವವಳು ಅಂತ.

ಇಲ್ಲೇ ಕೌಜಲಗಿ ನೆನಪಾಗಬೇಕು. ಅಪರಾಳ ತಮ್ಮಣ್ಣನ ಪಾರಿಜಾತವನ್ನು ಆಟಕ್ಕೆ ಒಗ್ಗಿಸಿದವನು ಇದೇ ಸೀಮೆಯ ಕುಲಗೋಡ ತಮ್ಮಣ್ಣ. ಸ್ವರ್ಗದ ಹೂವಿನ ಮಾಯೆಯಿಂದ ಕಥೆ ಶುರುವಾದರೂ ಜನ ಕಾದು ಕೂರೋದು ಸತ್ಯಭಾಮೆಯ ಮಾತಿಗೆ. ಆ ಶ್ರೀಕೃಷ್ಣ ಪಾರಿಜಾತದಲ್ಲಿ ಹೆಸರು ಮಾಡಿದ ಕಲಾವಿದೆ ಕೌಜಲಗಿ ನಿಂಗಮ್ಮ. ಎಣ್ಣೆಬಣ್ಣದ ಹೆಣ್ಣು ಸುಮ್ಮನೆ ನಿಂತು ನೋಡಿಸಿಕೊಳ್ಳುತ್ತಾಳೆ. ಪಾರಿಜಾತದ ಹೆಣ್ಣು ಜಗಳ ತೆಗೆದು, ಹಾಡಿ, ಕೃಷ್ಣನಿಗೇ ಉತ್ತರ ಕೇಳುತ್ತಾಳೆ.

ಇನ್ನು ಮುಂದೆ ಇಂಥ ಚಿತ್ರ ಕಂಡಾಗ ಮೂರು ಪ್ರಶ್ನೆ ಕೇಳಿ: ಬೆಳಕು ಎಲ್ಲಿಂದ ಬರುತ್ತಿದೆ? ಅವಳ ಕೈ ಏನು ಮಾಡುತ್ತಿದೆ? ಮತ್ತು ಅವಳಿಗೆ ಬಾಯಿ ಬಂದರೆ ಏನು ಹೇಳಿಯಾಳು? ಮೊದಲೆರಡಕ್ಕೆ ಉತ್ತರ ಚಿತ್ರದಲ್ಲೇ ಸಿಗುತ್ತದೆ. ಮೂರನೆಯದಕ್ಕೆ ಪಾರಿಜಾತದ ಆಟ ನೋಡಲು ಹೋಗಬೇಕು.