ನೆನೆದ ಮೋಟಾರ್ ಸೈಕಲ್ಲು

ಮುಂಗಾರು ಹಿಡಿಯಿತೆಂದರೆ ಮಲೆನಾಡು, ಕರಾವಳಿಗಳ ಊರುಗಳಲ್ಲಿ ಬೆಳಗಿನ ಹೊತ್ತು ಒಂದು ನೋಟ ಎಲ್ಲರಿಗೂ ಪರಿಚಿತ. ರಾತ್ರಿಯೆಲ್ಲ ಅಂಗಳದಲ್ಲಿ ನೆನೆದ ಮೋಟಾರ್ ಸೈಕಲ್ಲಿನ ಪಕ್ಕದಲ್ಲಿ ಅದರ ಯಜಮಾನ ನಿಂತು ಕಿಕ್ಕರನ್ನು ತುಳಿಯುತ್ತಿರುತ್ತಾನೆ. ಹತ್ತನೆಯ ತುಳಿತಕ್ಕೆ ಬೆವರು, ಇಪ್ಪತ್ತನೆಯದಕ್ಕೆ ಬೈಗುಳು. ಅಷ್ಟರಲ್ಲಿ ಛತ್ರಿ ಹಿಡಿದು ಬಂದ ನೆರೆಯವರು "ಇಂಜಿನ್ನಿಗೆ ಥಂಡಿ ಹಿಡಿದಿದೆ" ಎಂದು ರೋಗನಿದಾನ ಮಾಡಿ ಮುಂದೆ ಹೋಗುತ್ತಾರೆ. ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯಂಥ ಕಡೆ ಈ ಮಾತು ನಿಜವೆಂದೇ ತೋರುವುದು ಸಹಜ. ಆದರೆ ಇಂಜಿನ್ನೆಂಬುದು ಲೋಹದ ಗಡ್ಡೆ. ಹೊರಮೈ ನೆನೆದ ಮಾತ್ರಕ್ಕೆ ಅದು ಕೆಡುವುದಿಲ್ಲ. ಜಡಿಮಳೆಯಲ್ಲಿ ಗಂಟೆಗಟ್ಟಲೆ ಓಡುವ ಗಾಡಿ, ನಿಂತು ನೆನೆದಾಗ ಮಾತ್ರ ಮುಷ್ಕರ ಹೂಡುವುದೇಕೆ?

ಕಲಾ ವಿದ್ಯಾರ್ಥಿಗಳ ಸಂಚಿಕೆಯಲ್ಲಿ ಯಂತ್ರದ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಇದು ಸ್ಪ್ಯಾನರಿಗಿಂತ ಹೆಚ್ಚಾಗಿ ತರ್ಕಕ್ಕೆ ಸೇರಿದ ವಿಷಯವೆಂದು ನನ್ನ ಅಭಿಪ್ರಾಯ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ನ್ಯಾಯಶಾಸ್ತ್ರ ಕಲಿಸುತ್ತದೆ. ಇಲ್ಲಿ ನಮಗೆ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ. ಬೆಂಕಿಗೆ ಬೇಕಾದ ಯಾವ ಕಾರಣ ತಪ್ಪಿಹೋಗಿದೆ ಎಂಬುದನ್ನು ಹುಡುಕಬೇಕಾಗಿದೆ. ಇಂಜಿನ್ನಿನೊಳಗೆ ಉರಿ ಹತ್ತಲು ಪೆಟ್ರೋಲು, ಗಾಳಿ, ಕಿಡಿ ಈ ಮೂರೂ ತಕ್ಕ ಪ್ರಮಾಣದಲ್ಲಿ, ತಕ್ಕ ಕ್ಷಣದಲ್ಲಿ ಕೂಡಬೇಕು. ಅವನ್ನು ಒತ್ತಿ ಹಿಡಿಯುವ ಬಿಗುವೂ ಸಿಲಿಂಡರಿನಲ್ಲಿರಬೇಕು. ನಿನ್ನೆ ಸಂಜೆ ಚೆನ್ನಾಗಿ ಓಡಿದ ಗಾಡಿಯ ಬಿಗುವು ಒಂದು ರಾತ್ರಿಯಲ್ಲಿ ಕಳೆಯಲಾರದು. ಆದ್ದರಿಂದ ಸಂಶಯ ಮೊದಲಿನ ಮೂರರ ಮೇಲೆಯೇ. ಅವುಗಳಲ್ಲಿಯೂ ತೇವಕ್ಕೆ ಬೇಗ ಸೋಲುವುದು ಕಿಡಿ.

ಬ್ಯಾಟರಿಯ 6 ಅಥವಾ 12 ವೋಲ್ಟನ್ನು ಕಾಯಿಲೆಂಬ ಸಾಧನವು 10 ಸಾವಿರಕ್ಕೂ ಮೇಲೆ ಏರಿಸುತ್ತದೆ. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿರುವ ಸುಮಾರು 0.6 ಅಥವಾ 0.7 ಮಿಲಿಮೀಟರಿನ ಸಂದನ್ನು ಹಾರಲು ಇಷ್ಟು ಒತ್ತಡ ಬೇಕು. ಆದರೆ ಇಂಥ ಒತ್ತಡದ ವಿದ್ಯುತ್ತು ಸುಲಭವಾದ ಬೇರೊಂದು ದಾರಿ ಸಿಕ್ಕರೆ ಆ ಸಂದಿಗೆ ಹೋಗುವುದೇ ಇಲ್ಲ. ಗದ್ದೆಯ ಬದುವಿನಲ್ಲಿ ಏಡಿ ತೂತು ಕೊರೆದಿದ್ದರೆ ಮೇಲಿನಿಂದ ಎಷ್ಟು ನೀರು ಬಿಟ್ಟರೂ ಕೆಳಗಿನ ಮಡಿ ಒಣಗಿಯೇ ಇರುತ್ತದಲ್ಲ, ಹಾಗೆ. ಮೋಟಾರ್ ಸೈಕಲ್ಲಿನಲ್ಲಿ ಏಡಿಯ ಕೆಲಸ ಮಾಡುವುದು ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲೆ, ಅದರ ಟೋಪಿಯೊಳಗೆ, ಅಥವಾ ಹಳೆಯ ವಯರಿನ ಬಿರುಕಿನಲ್ಲಿ ಕುಳಿತ ನೀರಿನ ಒಂದು ತೆಳುಪೊರೆ. ಶುದ್ಧವಾದ ನೀರು ವಿದ್ಯುತ್ತನ್ನು ಹರಿಯಗೊಡುವುದು ಬಹಳ ಕಡಮೆ. ಧೂಳು, ಮಸಿ, ಕರಾವಳಿಯಾದರೆ ಗಾಳಿಯ ಉಪ್ಪು, ಇವು ಬೆರೆತ ನೀರಿನ ಮಾತೇ ಬೇರೆ. ಓಡುವ ಗಾಡಿಯಲ್ಲಿ ಇಂಜಿನ್ನಿನ ಕಾವು ಈ ಪೊರೆಯನ್ನು ಒಣಗಿಸುತ್ತಲೇ ಇರುತ್ತದೆ. ತಣ್ಣಗಾದ ಗಾಡಿಯಲ್ಲಿ ಅದು ಹಾಗೆಯೇ ಉಳಿಯುತ್ತದೆ. ಮೇಲಿನ ಪ್ರಶ್ನೆಗೆ ಬಹುಮಟ್ಟಿಗೆ ಇದೇ ಉತ್ತರ.

ಆದಕಾರಣ ಏನನ್ನೂ ಬಿಚ್ಚುವ ಮೊದಲು ಹ್ಯಾಂಡಲಿನ ಮೇಲಿರುವ ಕೆಂಪು ಸ್ವಿಚ್ಚನ್ನು ನೋಡತಕ್ಕದ್ದು. ರೇನ್‌ಕೋಟಿನ ತೋಳು ತಾಗಿ ಅದು ಬಂದಾಗಿರುವುದು ಅಪರೂಪವಲ್ಲ. ಅನಂತರ ಪ್ಲಗ್ಗಿನ ಟೋಪಿಯನ್ನು ಎಳೆದು, ಅದರ ಒಳಗು, ಪ್ಲಗ್ಗಿನ ಪಿಂಗಾಣಿ, ವಯರಿನ ಉದ್ದಗಲ ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಬೇಕು. ಅರ್ಧಕ್ಕರ್ಧ ಗಾಡಿಗಳು ಇಷ್ಟಕ್ಕೇ ಎದ್ದುಬಿಡುತ್ತವೆಂದು ಧೈರ್ಯವಾಗಿ ಹೇಳಬಲ್ಲೆ. ವಯರಿನಲ್ಲಿ ಬಿರುಕಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಮುಸ್ಸಂಜೆಯ ಕತ್ತಲಲ್ಲಿ ಒಬ್ಬರು ಕಿಕ್ಕರ್ ತುಳಿಯಲಿ, ಇನ್ನೊಬ್ಬರು ಕೈ ತಾಗಿಸದೆ ನೋಡಲಿ. ಸೋರುವ ಕಡೆ ನೀಲಿ ಮಿಣುಕು ಕಣ್ಣಿಗೆ ಬೀಳುತ್ತದೆ.

ಇನ್ನೂ ಏಳದಿದ್ದರೆ ಪೆಟ್ರೋಲ್ ಕಾಕನ್ನು ಮುಚ್ಚಿ ಪ್ಲಗ್ಗನ್ನು ಬಿಚ್ಚಬೇಕು. ಅದನ್ನು ಟೋಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಸಿಲಿಂಡರಿನ ಬರಿಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಇಟ್ಟು ಕಿಕ್ಕರ್ ತುಳಿದರೆ ಕಿಡಿ ಹಾರುವುದು ಕಾಣಬೇಕು. ಪ್ಲಗ್ಗಿನ ತೂತಿನಿಂದ ಪೆಟ್ರೋಲಿನ ಆವಿ ಚಿಮ್ಮುವುದರಿಂದ ಕಿಡಿಯನ್ನು ತೂತಿನ ಬಳಿ ಹಿಡಿಯಕೂಡದು. ಇಲ್ಲಿ ಒಂದು ಸೂಕ್ಷ್ಮವಿದೆ. ಬಯಲಿನಲ್ಲಿ ಹಾರಿದ ಕಿಡಿ ಒಳಗೂ ಹಾರೀತೆಂಬ ಭರವಸೆಯಿಲ್ಲ. ಒತ್ತಿದ ಗಾಳಿಯನ್ನು ದಾಟಲು ಹೆಚ್ಚು ಒತ್ತಡ ಬೇಕಾಗುತ್ತದೆ. ದಪ್ಪನೆಯ ನೀಲಿ ಕಿಡಿಯಾದರೆ ಸರಿ. ನವೆದ ಕೆಂಪು ಕಿಡಿಯಾದರೆ ಅದನ್ನು ನಂಬಬೇಡಿ. ಪ್ಲಗ್ಗು ಪೆಟ್ರೋಲಿನಲ್ಲಿ ತೊಯ್ದಿದ್ದರೆ ಚೋಕು ಎಳೆದು ತುಳಿದದ್ದು ಅತಿಯಾಯಿತೆಂದು ಅರ್ಥ. ಆಗ ಕಾಕನ್ನು ಮುಚ್ಚಿಯೇ ಇಟ್ಟು, ಸ್ವಿಚ್ಚು ತೆಗೆದು, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಏಳೆಂಟು ಸಲ ತುಳಿದರೆ ಒಳಗಿನ ಹೆಚ್ಚುವರಿ ಆವಿ ಹೊರಬೀಳುತ್ತದೆ. ಕೆಲವರು ಬೆಂಕಿಕಡ್ಡಿ ಗೀರಿ ಪ್ಲಗ್ಗನ್ನು ಕಾಯಿಸುತ್ತಾರೆ. ಪೆಟ್ರೋಲಿನ ವಾಸನೆ ಹಬ್ಬಿರುವ ಕಡೆ ಇದಕ್ಕಿಂತ ಹುಚ್ಚು ಕೆಲಸ ಇನ್ನೊಂದಿಲ್ಲ.

ಹಳೆಯ ಗಾಡಿಗಳಿಗೆ ಇನ್ನೊಂದು ಬಾಧೆಯುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಅಲ್ಲಲ್ಲಿ ಕಾಣುತ್ತವೆ. ಅವುಗಳ ಕಿಕ್ಕರೇ ಗೇರಿನ ಕಡ್ಡಿಯೂ ಆಗುವ ಚಮತ್ಕಾರವನ್ನು ಮೊದಲ ಸಲ ಕಂಡವರು ಬೆರಗಾಗದಿರುವುದಿಲ್ಲ. ಹಳೆಯ ಬುಲೆಟ್ಟಿನಂತೆ ಇವುಗಳಲ್ಲಿಯೂ ಕಿಡಿಯ ಕ್ಷಣವನ್ನು ನಿರ್ಧರಿಸುವುದು ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ತುಟಿಗಳು. ಅವು ತೆರೆದಾಗ ಸಂದು ಸುಮಾರು 0.4 ಮಿಲಿಮೀಟರು ಮಾತ್ರ. ಮುಚ್ಚಳದೊಳಗೆ ಹಬೆ ಕಟ್ಟಿದರೆ, ಕಿಲುಬು ಹಿಡಿದರೆ, ಕಾಯಿಲಿಗೆ ಸರಿಯಾದ ಸನ್ನೆ ಸಿಕ್ಕುವುದಿಲ್ಲ. ಒಣಗಿದ ಗಟ್ಟಿ ಕಾಗದದ ಪಟ್ಟಿಯನ್ನು ನಡುವೆ ತೂರಿಸಿ ಎಳೆದರೆ ತೇವವೂ ಕೊಳೆಯೂ ಹೋಗುತ್ತವೆ. ಈಚಿನ ಗಾಡಿಗಳಲ್ಲಿ ಪಾಯಿಂಟುಗಳೇ ಇಲ್ಲ.

ಗಾಳಿಯ ವಿಚಾರ ಚಿಕ್ಕದು. ಏರ್ ಫಿಲ್ಟರಿನ ಕಾಗದ ಒದ್ದೆಯಾದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಹೊಸದನ್ನು ಹಾಕುವುದೇ ಲೇಸು.

ಪೆಟ್ರೋಲಿನ ವಿಚಾರಕ್ಕೆ ಬಂದರೆ, ಟ್ಯಾಂಕಿನ ಮುಚ್ಚಳದ ರಬ್ಬರು ಸವೆದಿದ್ದರೆ ಮಳೆನೀರು ನೇರವಾಗಿ ಒಳಗಿಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ಕಾರ್ಬ್ಯುರೇಟರಿನ ಬಟ್ಟಲಿನ ತಳ ಸೇರುತ್ತದೆ. ಪೆಟ್ರೋಲನ್ನು ಹೀರುವ ಜೆಟ್ಟಿನ ಬಾಯಿ ಇರುವುದೂ ಆ ತಳದ ಬಳಿಯಲ್ಲಿಯೇ! ಸೂಜಿಯ ಮೊನೆಯಷ್ಟು ಕಿರಿದಾದ ಆ ತೂತಿಗೆ ಒಂದು ಹನಿ ನೀರು ಅಡ್ಡ ನಿಂತರೆ ಸಾಕು. ಬಟ್ಟಲಿನ ಅಡಿಯ ಸ್ಕ್ರೂ ಸಡಿಲಿಸಿ ಗಾಜಿನ ಸೀಸೆಯಲ್ಲಿ ಹಿಡಿದರೆ ತಳದಲ್ಲಿ ನೀರು ಬೇರೆಯಾಗಿ ಕಾಣುತ್ತದೆ. ನಮ್ಮ ದೇಶದಲ್ಲಿ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್ ಬೆರೆಸುವ ಹಂತಕ್ಕೆ ಬಂದಿದ್ದೇವೆ. ಎಥನಾಲಿಗೆ ನೀರೆಂದರೆ ಬಲು ಸ್ನೇಹ. ಸ್ವಲ್ಪ ನೀರಾದರೆ ಅದರಲ್ಲಿ ಕರಗಿ ಉರಿದುಹೋಗುತ್ತದೆ. ಮಿತಿ ಮೀರಿತೋ, ಎಥನಾಲು ಪೆಟ್ರೋಲಿನ ಸಂಗ ತೊರೆದು ನೀರಿನೊಡನೆ ತಳಕ್ಕಿಳಿಯುತ್ತದೆ. ಹಾಗಾದ ಮೇಲೆ ಬಟ್ಟಲನ್ನಲ್ಲ, ಟ್ಯಾಂಕನ್ನೇ ಬರಿದು ಮಾಡಬೇಕು.

ಇಷ್ಟೂ ನೆನೆದ ಗಾಡಿಯ ಮಾತಾಯಿತು. ನೆರೆಯಲ್ಲಿ ಮುಳುಗಿದ ಗಾಡಿಯ ಮಾತು ಬೇರೆ, ಇಲ್ಲಿ ಅವಸರ ಮಾಡಿದವರು ಕೈಯಾರೆ ಇಂಜಿನ್ನನ್ನು ಮುರಿಯುತ್ತಾರೆ. ಏರ್ ಫಿಲ್ಟರಿನ ಮಟ್ಟಕ್ಕೆ ನೀರೇರಿದ್ದರೆ ಸಿಲಿಂಡರಿನೊಳಗೂ ನೀರಿರಬಹುದು. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ನೀರು ಹಾಗೆ ಕುಗ್ಗುವುದಿಲ್ಲ. ಮೇಲೇರುವ ಪಿಸ್ಟನ್ನು ನೀರಿಗೆ ಬಡಿದು ನಿಂತಾಗ ಅದನ್ನು ತಳ್ಳುವ ಕನೆಕ್ಟಿಂಗ್ ರಾಡು ಬಾಗುತ್ತದೆ. ಕಿಕ್ಕರ್ ನಡುವೆ ಕಲ್ಲಿನಂತೆ ನಿಂತರೆ ಮೈಭಾರ ಹಾಕಿ ಹಾರಬೇಡಿ, ಸೆಲ್ಫ್ ಗುಂಡಿಯನ್ನಂತೂ ಮುಟ್ಟಲೇಬೇಡಿ. ಸ್ವಿಚ್ಚು ತೆಗೆದು, ಪ್ಲಗ್ಗು ಬಿಚ್ಚಿ, ಕೈಯಿಂದ ಕಿಕ್ಕರನ್ನು ಮೆಲ್ಲಗೆ ಒತ್ತಿದರೆ ನೀರು ಆ ತೂತಿನಿಂದ ಹೊರಗೆ ಬರುತ್ತದೆ. ಬುಲೆಟ್ಟಿನಂಥ ನಾಲ್ಕು ಸ್ಟ್ರೋಕಿನ ಇಂಜಿನ್ನಾದರೆ ಆಯಿಲನ್ನೂ ನೋಡಬೇಕು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ. ಅದನ್ನು ಬದಲಿಸದೆ ಇಂಜಿನ್ನನ್ನು ಓಡಿಸಕೂಡದು.

2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ತರುವಾಯ ಹೊಸ ಗಾಡಿಗಳಲ್ಲಿ ಬಹುಪಾಲು ಕಾರ್ಬ್ಯುರೇಟರಿನ ಸ್ಥಾನದಲ್ಲಿ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು ಬಂದಿದೆ. ಆದರೂ ಪ್ಲಗ್ಗು, ಟೋಪಿ, ಕಾಯಿಲು ಇದ್ದೇ ಇವೆ. ಆದ್ದರಿಂದ ಒಣಬಟ್ಟೆಯ ಚಿಕಿತ್ಸೆ ಇವಕ್ಕೂ ಸಲ್ಲುತ್ತದೆ. ಇವುಗಳಲ್ಲಿ ಹೆಚ್ಚಾಗಿ ಕಾಡುವುದು ಒದ್ದೆಯಾದ ವಯರಿನ ಜೋಡಣೆಗಳು ಮತ್ತು ಸೈಡ್ ಸ್ಟ್ಯಾಂಡಿನ ಬುಡದ ಸ್ವಿಚ್ಚು. ಆ ಸ್ವಿಚ್ಚಿಗೆ ಕೆಸರು ಮೆತ್ತಿದರೆ ಸ್ಟ್ಯಾಂಡು ಇನ್ನೂ ಇಳಿದೇ ಇದೆಯೆಂದು ಗಾಡಿ ಭ್ರಮಿಸುತ್ತದೆ. ಕೆಸರನ್ನು ಒರೆಸಿ, ಜೋಡಣೆಗಳನ್ನು ಬಿಡಿಸಿ ಒಣಗಿಸಿ, ಮತ್ತೆ ಬಿಗಿಯಾಗಿ ಸೇರಿಸಬೇಕು. ಗಾಡಿ ತೊಳೆಯುವಾಗ ಈ ಭಾಗಗಳಿಗೆ ಪಂಪಿನ ಜೋರುನೀರು ಹಿಡಿಸಬೇಡಿ. ರಾತ್ರಿ ಪ್ಲಾಸ್ಟಿಕ್ಕಿನ ಹೊದಿಕೆ ಹಾಕುವವರು ಅದನ್ನು ನೆಲದವರೆಗೆ ಬಿಗಿಯದೆ ಅಡಿಯಲ್ಲಿ ಗಾಳಿಯಾಡಲು ಬಿಡಬೇಕು. ಇಲ್ಲವಾದರೆ ನೆಲದ ತೇವವೇ ಒಳಗೆ ಹಬೆಗಟ್ಟಿ, ಬೆಳಗಾಗುವಷ್ಟರಲ್ಲಿ ಪ್ಲಗ್ಗಿನ ಮೇಲೆ ಹನಿಯಾಗಿ ಕುಳಿತಿರುತ್ತದೆ.