ಅಡುಗೆ ಗುತ್ತಿಗೆ: ಮೊದಲ ನೂರು ಎಲೆಯ ಲೆಕ್ಕ

ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಅನೇಕ ಒಕ್ಕಲು ಮನೆಗಳಲ್ಲಿ ರಾಗಿ, ತೆಂಗು, ಹಾಲು, ಬಾಳೆ ಎಲೆ ಹೊರಗಿನಿಂದ ತರುವ ಪದಾರ್ಥಗಳಲ್ಲ. ನೂರಾರು ಜನಕ್ಕೆ ಬೇಯಿಸಿ ಬಡಿಸುವುದೂ ಇಲ್ಲಿನವರಿಗೆ ಹೊಸದಲ್ಲ. ಸಿದ್ಧಗಂಗೆಯ ಅಥವಾ ಎಡೆಯೂರಿನ ದಾಸೋಹದಲ್ಲಿ ಪಂಕ್ತಿಗೆ ಕೂರದವರು ಕಡಿಮೆ. ಆದುದರಿಂದ ಮದುವೆ, ಗೃಹಪ್ರವೇಶಗಳ ಅಡುಗೆಯನ್ನು ಗುತ್ತಿಗೆ ಹಿಡಿಯುವುದು ಸುಲಭದ ಉಪಕಸುಬೆಂದು ತೋರುವುದು ಸಹಜ. ಆದರೆ ದಾಸೋಹಕ್ಕೆ ಭಕ್ತರ ದವಸವೂ ಸೇವೆಯ ದುಡಿಮೆಯೂ ಒದಗುತ್ತವೆ. ಗುತ್ತಿಗೆಯಲ್ಲಿ ಎರಡಕ್ಕೂ ಬೆಲೆ ಕಟ್ಟಬೇಕು. ನಷ್ಟ ಹುಟ್ಟುವುದು ಇಲ್ಲಿಯೇ.

ನೂರು ಎಲೆಯ ಸಾಧಾರಣ ಊಟಕ್ಕೆ ಅಕ್ಕಿ 10ರಿಂದ 12 ಕಿಲೋ, ತೊಗರಿಬೇಳೆ 3 ಕಿಲೋ, ತರಕಾರಿ 12 ಕಿಲೋ, ತೆಂಗಿನಕಾಯಿ 15, ಮೊಸರು 10 ಲೀಟರು ಬೇಕಾಗುತ್ತವೆ. ಮುದ್ದೆ ಇಟ್ಟರೆ ತಲೆಗೆ ಸುಮಾರು 100 ಗ್ರಾಂ ರಾಗಿ ಹಿಟ್ಟು ಹಿಡಿದು, ಅಕ್ಕಿಯನ್ನು ಕಡಿಮೆ ಮಾಡಬಹುದು. ತರಕಾರಿಯನ್ನು ಹಿಂದಿನ ದಿನವೇ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಕೊಳ್ಳುವವರು ಆ ದಿನದ ಧಾರಣೆಯನ್ನೇ ಬರೆದುಕೊಳ್ಳಲಿ.

ಈಗ ಬರೆಯದೆ ಬಿಡುವ ಬಾಬುಗಳನ್ನು ನೋಡೋಣ. ಕಾಯಿಗೆ 40 ರೂಪಾಯಿ, ಮೊಸರು ಲೀಟರಿಗೆ 50, ಎಲೆಗೆ 5 ಎಂದಿಟ್ಟುಕೊಳ್ಳಿ. 15 ಕಾಯಿಗೆ 600, ಮೊಸರಿಗೆ 500, ಹರಿದವನ್ನೂ ಸೇರಿಸಿ 110 ಎಲೆಗೆ 550. ಮನೆಯ ಇಬ್ಬರು ಎರಡು ದಿನ ದುಡಿದರೆ, ದಿನಕ್ಕೆ 500ರಂತೆ ಕೂಲಿ 2,000. ಒಟ್ಟು 3,650 ರೂಪಾಯಿ. ಇದನ್ನು "ನಮ್ಮದೇ ತಾನೆ" ಎಂದು ಬಿಟ್ಟವನು, ಎಲೆಗೆ 20 ರೂಪಾಯಿಯಂತೆ 2,000 ಉಳಿಯಿತೆಂದು ಸಂತೋಷಪಡುತ್ತಾನೆ. ವಾಸ್ತವವಾಗಿ 1,650 ರೂಪಾಯಿ ಕಳೆದುಕೊಂಡಿರುತ್ತಾನೆ. ಮನೆಯ ಹೆಂಗಸರ ಕೂಲಿಯನ್ನು ಬರೆಯಲು ಸಂಕೋಚಪಡುವವರೇ ಹೆಚ್ಚು. ಆ ಸಂಕೋಚ ಬೇಡ. ಪಾತ್ರೆ ಬಾಡಿಗೆ, ಸೌದೆ ಅಥವಾ ಗ್ಯಾಸು, ಸಾಗಾಣಿಕೆ, ಪಾತ್ರೆ ತೊಳೆಯುವವರ ಕೂಲಿ ಇವೂ ಸೇರಬೇಕು. ಗ್ಯಾಸಿಗೆ 19 ಕಿಲೋ ವಾಣಿಜ್ಯ ಸಿಲಿಂಡರನ್ನೇ ಬಳಸತಕ್ಕದ್ದು, ಮನೆಯ 14.2 ಕಿಲೋ ಸಿಲಿಂಡರಿಗೆ ಈ ಕೆಲಸದಲ್ಲಿ ಅನುಮತಿಯಿಲ್ಲ.

ಹೇಳಿದ್ದು ನೂರು, ಬಂದದ್ದು ನೂರಮೂವತ್ತು: ಇದು ನಮ್ಮ ಕಡೆಯ ಮಾಮೂಲು. ನೂರಕ್ಕೆ ಹತ್ತರಷ್ಟು ಹೆಚ್ಚಿಗೆ ಬೇಯಿಸಿ, ಅದಕ್ಕೂ ಮೀರಿದ ಎಲೆಗಳ ದರವನ್ನು ಒಪ್ಪಿಕೊಳ್ಳುವಾಗಲೇ ಕಾಗದದಲ್ಲಿ ಬರೆಸಿಕೊಳ್ಳಿ. ಸಾಮಾನಿನ ಖರ್ಚಿಗೆ ಸಾಕಾಗುವಷ್ಟು ಮುಂಗಡ ಪಡೆಯದೆ ಒಲೆ ಹಚ್ಚಬಾರದು. ನೆಂಟರ ಮನೆಯ ಕೆಲಸವಾದರೂ ಇದು ತಪ್ಪಬಾರದು. ನೆಂಟರಲ್ಲಿ ಬಾಕಿ ಕೇಳುವುದೇ ಹೆಚ್ಚು ಕಷ್ಟ.

ಹಣದ ನಷ್ಟವನ್ನು ಮುಂದಿನ ಕೆಲಸದಲ್ಲಿ ತುಂಬಿಕೊಳ್ಳಬಹುದು. ಊಟ ಮಾಡಿದವರಿಗೆ ವಾಂತಿ ಭೇದಿ ಆದರೆ ಕಸುಬೇ ನಿಲ್ಲುತ್ತದೆ. ಬೆಂದ ಅನ್ನ, ಬೇಳೆ, ಹಾಲಿನ ಪಾಯಸಗಳಲ್ಲಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ರಾತ್ರಿಯೇ ಅನ್ನ ಮಾಡಿ ದೊಡ್ಡ ಕೊಳಗದಲ್ಲಿ ಮುಚ್ಚಿಟ್ಟರೆ ಅದರ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಬೆಚ್ಚಗಿರುವುದೇ ಅಪಾಯ. ಹೀಗೆ ಕೆಟ್ಟ ಅನ್ನದಲ್ಲಿ ಉಂಟಾಗುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಆದುದರಿಂದ ಅನ್ನವನ್ನು ಪಂಕ್ತಿಗೆ ತಕ್ಕಂತೆ ಎರಡು ಮೂರು ಸಲ ಬೇಯಿಸುವುದು ಲೇಸು. ಸಾರು ಒಲೆಯ ಮೇಲೆಯೇ ಕುದಿ ಬಿಸಿಯಲ್ಲಿರಲಿ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಹುಣಿಸೆ ಹುಳಿಯ ಅಡುಗೆ ಮಾಡಬಾರದು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006ರ ಪ್ರಕಾರ, ವಹಿವಾಟಿನ ಗಾತ್ರಕ್ಕನುಸಾರ ನೋಂದಣಿ ಅಥವಾ ಲೈಸೆನ್ಸು ಅಗತ್ಯ. ರಾಗಿಯ ತಿನಿಸುಗಳನ್ನು ಕಲಿಯಬೇಕೆಂದಿರುವವರು ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿಯ ಬಗ್ಗೆ ವಿಚಾರಿಸಬಹುದು.

ಮೊದಲ ವರ್ಷ ನೂರು ಎಲೆಗೆ ಮೀರಿದ ಕೆಲಸ ಒಪ್ಪದಿರುವುದು, ಪಾತ್ರೆಗಳನ್ನು ಬಾಡಿಗೆಗೆ ತರುವುದು ಸೂಕ್ತ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮದುವೆಗಳಿಲ್ಲದೆ ಕೊಂಡ ಪಾತ್ರೆಗಳು ಅಟ್ಟದ ಮೇಲಿರುತ್ತವೆ, ಸಾಲದ ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಕಾರ್ತಿಕದ ಲಗ್ನಗಳ ಹೊತ್ತಿಗೆ ಮುಂಗಾರು ರಾಗಿ ಕೊಯ್ಲಿಗೆ ಬರುತ್ತದೆ. ಆ ತಿಂಗಳಿನ ಮುಂಗಡ ಹಿಡಿಯುವ ಮುನ್ನ, ಹೊಲದ ಕೆಲಸಕ್ಕೆ ಯಾರು, ಒಲೆಯ ಮುಂದೆ ಯಾರು ಎಂಬುದನ್ನು ಮನೆಯವರೆಲ್ಲ ಕುಳಿತು ತೀರ್ಮಾನಿಸಿಕೊಳ್ಳಬೇಕು.